ಹುಳಿವಾಸನೆ ಹೊಡೆದ ಡಬ್ಬಿಗಳು: ಅಮೆರಿಕದ ಅಗ್ಗದ ಸಿನಿಮಾಗಳನ್ನು ಉಳಿಸುತ್ತಿರುವವರು ಯಾರು?

ಟೆಕ್ಸಾಸ್‌ನ ಎಲ್ ಪಾಸೊ ಊರಿನಲ್ಲಿ ಹೆರಾಲ್ಡ್ ವಾರೆನ್ ಎಂಬ ಗೊಬ್ಬರದ ವ್ಯಾಪಾರಿ ಇದ್ದರು. ಹಾರರ್ ಸಿನಿಮಾ ತೆಗೆಯುವುದು ದೊಡ್ಡ ವಿಷಯವೇನಲ್ಲ ಎಂದು ಹಾಲಿವುಡ್‌ನ ಚಿತ್ರಕಥೆಗಾರರೊಬ್ಬರ ಜೊತೆ ಪಂಥ ಕಟ್ಟಿದ ಅವರು ಸುಮಾರು 19,000 ಡಾಲರ್ ಹೊಂದಿಸಿಕೊಂಡು ಕೆಲಸಕ್ಕೆ ಇಳಿದೇಬಿಟ್ಟರು. ಸಿಕ್ಕಿದ್ದು ಕೀಲಿ ಕೊಟ್ಟು ಓಡಿಸುವ 16 ಎಂಎಂ ಕ್ಯಾಮೆರಾ. ಒಂದು ಸಲ ಕೀಲಿ ಕೊಟ್ಟರೆ 32 ಸೆಕೆಂಡು ಓಡುತ್ತಿತ್ತು, ಅಷ್ಟೇ. ಹಾಗಾಗಿ ಚಿತ್ರದ ಯಾವ ಶಾಟೂ ಅದಕ್ಕಿಂತ ಉದ್ದ ಇಲ್ಲ. ಚಿತ್ರೀಕರಣದ ಜಾಗದಲ್ಲಿ ಧ್ವನಿ ಹಿಡಿಯುವ ವ್ಯವಸ್ಥೆ ಇರಲಿಲ್ಲ. ಆಮೇಲೆ ಬೆರಳೆಣಿಕೆಯಷ್ಟು ಮಂದಿ ಸೇರಿ ಎಲ್ಲ ಪಾತ್ರಗಳಿಗೂ ದನಿ ಕೊಟ್ಟರು. ರಾತ್ರಿಯ ಒಂದು ದೃಶ್ಯದಲ್ಲಿ ಗುಂಡಿನ ಸದ್ದು ಕೇಳಿದ ಪೊಲೀಸರು ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟು ವಾಪಸ್ ಹೋಗುತ್ತಾರೆ. ಅದಕ್ಕಿಂತ ಮುಂದೆ ಹೋಗಿದ್ದರೆ ಅವರು ಕಾಣುತ್ತಲೇ ಇರಲಿಲ್ಲ, ತಂಡದ ಬಳಿ ಇದ್ದ ಬೆಳಕು ಅಲ್ಲಿಗೇ ಮುಗಿಯುತ್ತಿತ್ತು. ‘ಮ್ಯಾನೊಸ್: ದಿ ಹ್ಯಾಂಡ್ಸ್ ಆಫ್ ಫೇಟ್’ ಎಂಬ ಹೆಸರಿನ ಈ ಚಿತ್ರ 1966ರ ನವೆಂಬರ್ 15ರಂದು ಊರಿನ ಕ್ಯಾಪ್ರಿ ಥಿಯೇಟರಿನಲ್ಲಿ ತೆರೆಕಂಡಿತು. ಸ್ವಲ್ಪ ದಿನದಲ್ಲೇ ಜನ ಅದನ್ನು ಮರೆತರು.

ನೆನಪಿಗೆ ಬಂದದ್ದು 1993ರಲ್ಲಿ. ಹಳೆಯ ಕೆಟ್ಟ ಚಿತ್ರಗಳನ್ನು ತೋರಿಸಿ ಗೇಲಿ ಮಾಡುವ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಎಂಬ ಟಿವಿ ಕಾರ್ಯಕ್ರಮ ಇದನ್ನು ಎತ್ತಿಕೊಂಡಿತು. ಅಲ್ಲಿಂದ ‘ಮ್ಯಾನೊಸ್’ಗೆ ಜಗತ್ತಿನ ಅತಿ ಕೆಟ್ಟ ಸಿನಿಮಾಗಳಲ್ಲೊಂದು ಎಂಬ ಖ್ಯಾತಿ ಅಂಟಿತು. ನಾನು ಮೊದಲು ನೋಡಿದ್ದೂ ಅದೇ ಟಿವಿ ಪ್ರತಿಯನ್ನು. ನಕಲಿನ ನಕಲು. ರಾತ್ರಿಯೆಲ್ಲ ಕಂದು ಬಣ್ಣದ ಕೆಸರು. ಯಾರು ಎಲ್ಲಿ ನಿಂತಿದ್ದಾರೆ ಎಂದೇ ತಿಳಿಯುತ್ತಿರಲಿಲ್ಲ.

2011ರಲ್ಲಿ ಬೆನ್ ಸೊಲೊವಿ ಎಂಬ ಯುವ ಛಾಯಾಗ್ರಾಹಕ ಇಬೇ ತಾಣದಲ್ಲಿ ಹಳೆಯ 16 ಎಂಎಂ ರೀಲುಗಳ ಒಂದು ಗಂಟು ಕೊಂಡರು. ಅದರೊಳಗೆ ‘ಮ್ಯಾನೊಸ್’ನ ವರ್ಕ್‌ಪ್ರಿಂಟ್ ಇತ್ತು. ಅದು ಸಂಕಲನದ ಮೇಜಿನ ಮೇಲೆ ಓಡಾಡಿದ, ಮೂಲಕ್ಕೆ ತೀರ ಹತ್ತಿರದ, ಎಕ್ಟಾಕ್ರೋಮ್ ಎಂಬ ಬಣ್ಣದ ಫಿಲಮಿನ ಪ್ರತಿ. ಅದನ್ನು ಸ್ಕ್ಯಾನ್ ಮಾಡಿ ಸರಿಪಡಿಸಲು ಅವರು ಜನರ ಮುಂದೆ 10,000 ಡಾಲರಿಗೆ ಕೈಯೊಡ್ಡಿದರು. ಬಂದದ್ದು 48,000. ಬೆಲೆಯೇರಿಕೆಯ ಲೆಕ್ಕ ಬಿಟ್ಟು ಹೇಳುವುದಾದರೆ, ಚಿತ್ರ ತೆಗೆಯಲು ಆದ ಖರ್ಚಿನ ಎರಡೂವರೆ ಪಟ್ಟು. 2015ರ ಅಕ್ಟೋಬರಿನಲ್ಲಿ ಸಿನಾಪ್ಸ್ ಫಿಲಂಸ್ ಅದರ ಬ್ಲೂ-ರೇ ಡಿಸ್ಕ್ ಹೊರತಂದಿತು. ಅದನ್ನು ನೋಡುವಾಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಪತಂಗಗಳು. ಚಿತ್ರೀಕರಣದ ದೀಪಕ್ಕೆ ಮುತ್ತಿಕೊಂಡ ಪತಂಗಗಳು ನಟರ ಮುಖದ ಮುಂದೆ ಹಾರಾಡುತ್ತವೆ. ಖಳನಾಯಕನ ಕಪ್ಪು ನಿಲುವಂಗಿಯ ಮೇಲಿನ ಕೆಂಪು ಬೆರಳುಗಳು ಕುಂಕುಮದಷ್ಟು ಕೆಂಪಾಗಿ ಕಾಣುತ್ತವೆ. ಸಿನಿಮಾ ಒಳ್ಳೆಯದಾಗಿಬಿಟ್ಟಿತು ಎಂದು ನಾನು ಹೇಳುತ್ತಿಲ್ಲ. ಆದರೆ ಅಷ್ಟು ವರ್ಷ ಜನ ನಕ್ಕದ್ದರಲ್ಲಿ ಒಂದು ಪಾಲು ವಾರೆನ್‌ರ ಕೆಲಸಕ್ಕೆ, ಇನ್ನೊಂದು ಪಾಲು ಹಾಳಾದ ಪ್ರತಿಗೆ ಸಲ್ಲಬೇಕಾದದ್ದು ಎಂದು ಆವತ್ತು ತಿಳಿಯಿತು.

ಒಂದು ಸಿನಿಮಾ ಉಳಿಯುತ್ತದೋ ಇಲ್ಲವೋ ಎಂಬುದಕ್ಕೂ ಅದರ ಗುಣಕ್ಕೂ ಸಂಬಂಧ ಬಹಳ ಕಡಿಮೆ. ಡಬ್ಬಿ ಯಾರ ಕೈಯಲ್ಲಿತ್ತು, ಅವರು ಅದನ್ನು ಎಸೆದರೋ ಎತ್ತಿಟ್ಟರೋ, ಎಲ್ಲ ಅದರ ಮೇಲೆಯೇ ನಿಂತಿದೆ. ಅಮೆರಿಕದಲ್ಲಿ ಈಗ ಆ ಡಬ್ಬಿಗಳನ್ನು ಎತ್ತಿಕೊಳ್ಳುತ್ತಿರುವವರು ದೊಡ್ಡ ಸ್ಟುಡಿಯೊಗಳಲ್ಲ. ಹೆಚ್ಚಿನ ಮಟ್ಟಿಗೆ ಸರ್ಕಾರವೂ ಅಲ್ಲ. ಕೆಲವೇ ಸಣ್ಣ ಡಿಸ್ಕ್ ಕಂಪನಿಗಳು ಮತ್ತು ಅವುಗಳಿಂದ ಡಿಸ್ಕ್ ಕೊಳ್ಳುವ ಕೆಲವು ಸಾವಿರ ಮಂದಿ. ಫಿಲಂ ಕೊಳೆಯುತ್ತಿದೆ, ಡಿಸ್ಕ್ ಮಾರುವ ಅಂಗಡಿಗಳು ಮುಚ್ಚುತ್ತಿವೆ. ಎರಡೂ ಒಟ್ಟಿಗೆ ನಡೆಯುತ್ತಿರುವುದರಿಂದ ಇದು ಇವತ್ತು ಮಾತಾಡಬೇಕಾದ ವಿಷಯ.

ಇಂಥ ಅಗ್ಗದ ಚಿತ್ರಗಳಿಗೆ ಎಕ್ಸ್‌ಪ್ಲಾಯ್ಟೇಷನ್ ಸಿನಿಮಾ ಎಂಬ ಹೆಸರಿದೆ. ಹಾಗೆಂದರೆ ಶೋಷಣೆಯ ಕಥೆ ಹೇಳುವ ಸಿನಿಮಾ ಅಲ್ಲ. ಆ ಕಾಲದ ಸಿನಿಮಾ ವ್ಯಾಪಾರದಲ್ಲಿ ಆ ಪದಕ್ಕೆ ಪ್ರಚಾರ ಎಂದೇ ಅರ್ಥವಿತ್ತು. ದೊಡ್ಡ ತಾರೆ ಇಲ್ಲ, ದುಡ್ಡಿಲ್ಲ. ಇರುವುದು ಜನ ಗುಟ್ಟಾಗಿ ನೋಡಬಯಸುವ ಒಂದು ವಿಷಯ ಮತ್ತು ಅದನ್ನು ಕೂಗಿ ಮಾರುವ ಪೋಸ್ಟರ್. 1934ರಿಂದ ಹಾಲಿವುಡ್‌ನ ಸ್ಟುಡಿಯೊಗಳು ತಮ್ಮದೇ ನೀತಿಸಂಹಿತೆಗೆ ಕಟ್ಟುನಿಟ್ಟಾಗಿ ಬದ್ಧವಾದ ಮೇಲೆ ಲೈಂಗಿಕತೆ, ಮಾದಕವಸ್ತು, ಹೆರಿಗೆ, ಗುಹ್ಯರೋಗ ಇವೆಲ್ಲ ಹೊರಗಿನವರ ಪಾಲಾದವು. ಕ್ರೋಗರ್ ಬ್ಯಾಬ್ ಎಂಬ ಪ್ರದರ್ಶಕ 1945ರ ‘ಮಾಮ್ ಆ್ಯಂಡ್ ಡ್ಯಾಡ್’ ಚಿತ್ರವನ್ನು ಊರೂರಿಗೆ ಹೊತ್ತು ತಿರುಗಿದರು. ಹೆಂಗಸರಿಗೇ ಒಂದು ಆಟ, ಗಂಡಸರಿಗೇ ಒಂದು ಆಟ. ನಡುವೆ ಚಿತ್ರ ನಿಲ್ಲಿಸಿ, ‘ಎಲಿಯಟ್ ಫೋರ್ಬ್ಸ್’ ಎಂಬ ಹೆಸರಿನ ಆರೋಗ್ಯ ತಜ್ಞರ ಭಾಷಣ. ಒಂದೇ ದಿನ ಹಲವು ಊರುಗಳಲ್ಲಿ ಹಲವು ಮಂದಿ ಫೋರ್ಬ್ಸ್‌ಗಳು ಭಾಷಣ ಮಾಡುತ್ತಿದ್ದರು. ಭಾಷಣ ಮುಗಿದೊಡನೆ ಆರೋಗ್ಯದ ಪುಸ್ತಿಕೆಗಳ ಮಾರಾಟ. ನಮ್ಮ ಸಂತೆಗಳಲ್ಲಿ ಹಾವಾಡಿಸಿ ಗುಂಪು ಕೂಡಿಸಿ ಮದ್ದು ಮಾರುತ್ತಿದ್ದವರನ್ನು ನೋಡಿದವರಿಗೆ ಈ ವ್ಯಾಪಾರ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಚಿತ್ರ 2005ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು.

ಐವತ್ತರ, ಅರವತ್ತರ ದಶಕದಲ್ಲಿ ಕಾರಿನಲ್ಲಿ ಕೂತೇ ಸಿನಿಮಾ ನೋಡುವ ಡ್ರೈವ್-ಇನ್ ಥಿಯೇಟರುಗಳು ಸಾವಿರಗಟ್ಟಲೆ ಎದ್ದವು. ನ್ಯೂಯಾರ್ಕ್‌ನ 42ನೇ ಬೀದಿಯಲ್ಲಿ ಬೆಳಗಿನಿಂದ ನಡುರಾತ್ರಿವರೆಗೂ ನಿಲ್ಲದೆ ಚಿತ್ರ ಓಡಿಸುವ ಥಿಯೇಟರುಗಳು ಸಾಲಾಗಿದ್ದವು. ಇವಕ್ಕೆಲ್ಲ ವಾರವಾರ ಹೊಸ ಸರಕು ಬೇಕು. ಒಬ್ಬ ನಿರ್ಮಾಪಕ ಕೆಲವೇ ಪ್ರಿಂಟ್ ಹಾಕಿಸಿ, ಅವು ಹರಿದು ಚಿಂದಿಯಾಗುವವರೆಗೆ ಓಡಿಸಿ ಮುಂದಿನ ಚಿತ್ರಕ್ಕೆ ಹೋಗುತ್ತಿದ್ದ. ಮೂಲ ನೆಗೆಟಿವ್ ಲ್ಯಾಬಿನಲ್ಲೇ ಉಳಿಯುತ್ತಿತ್ತು. ಲ್ಯಾಬಿನ ಬಾಕಿ ಕಟ್ಟದೆ ಕಂಪನಿ ಮುಳುಗಿತು, ನಿರ್ಮಾಪಕ ತೀರಿಕೊಂಡ, ಕೊನೆಗೆ ಲ್ಯಾಬೇ ಮುಚ್ಚಿತು. ಆಗ ಆ ಡಬ್ಬಿಗಳಿಗೆ ದಿಕ್ಕು ಯಾರು? ಎಷ್ಟೋ ನೆಗೆಟಿವ್‌ಗಳು ಕಸದ ಲಾರಿ ಹತ್ತಿದ್ದು ಹೀಗೆ. ಸ್ಟುಡಿಯೊಗಳ ಬೆಂಬಲವಿದ್ದ ಅಮೆರಿಕದ ಮೂಕಿ ಚಿತ್ರಗಳಲ್ಲೇ ಮೂಲ ರೂಪದಲ್ಲಿ ಉಳಿದಿರುವುದು ಶೇ 14ರಷ್ಟು ಎಂದು ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿತು. ದಿಕ್ಕಿಲ್ಲದ ಚಿತ್ರಗಳ ಪಾಡು ಊಹಿಸಿಕೊಳ್ಳಬಹುದು.

ಹುಡುಕುವುದೂ ಸುಲಭವಲ್ಲ, ಏಕೆಂದರೆ ಡಬ್ಬಿಯ ಮೇಲಿನ ಹೆಸರನ್ನು ನಂಬುವಂತಿಲ್ಲ. ಒಂದೇ ಚಿತ್ರ ಊರಿಗೊಂದು ಹೆಸರಿನಲ್ಲಿ ಓಡುತ್ತಿತ್ತು. ಸೆನ್ಸಾರ್ ಬಿಗಿಯಿದ್ದ ಕಡೆ ಒಂದು ಕತ್ತರಿ, ಸಡಿಲವಿದ್ದ ಕಡೆ ಇನ್ನೊಂದು. ಆಲ್ ಆ್ಯಡಮ್ಸನ್ ಎಂಬ ನಿರ್ದೇಶಕರ ಒಂದು ಚಿತ್ರದ ಕಥೆಯನ್ನೇ ನೋಡಿ. ಅರವತ್ತರ ದಶಕದ ನಡುವಿನಲ್ಲಿ ‘ಸೈಕೊ ಎ ಗೋ-ಗೋ’ ಎಂಬ ಕ್ರೈಮ್ ಚಿತ್ರ ತೆಗೆದರು. ಮಾರಾಟವಾಗಲಿಲ್ಲ. ಹುಚ್ಚು ವಿಜ್ಞಾನಿಯ ಹೊಸ ದೃಶ್ಯಗಳನ್ನು ಸೇರಿಸಿ ‘ದಿ ಫೀಂಡ್ ವಿತ್ ದಿ ಎಲೆಕ್ಟ್ರಾನಿಕ್ ಬ್ರೇನ್’ ಮಾಡಿದರು. ಅದೂ ಸಾಲದೆ ಇನ್ನಷ್ಟು ಹೊಸ ದೃಶ್ಯ ಬೆರೆಸಿ ‘ಬ್ಲಡ್ ಆಫ್ ಗ್ಯಾಸ್ಟ್ಲಿ ಹಾರರ್’ ಎಂದು ಮತ್ತೆ ಬಿಟ್ಟರು. ಮೂರು ಹೆಸರು, ಮೂರು ಕಥೆ, ನಡುವೆ ಅದೇ ಹಳೆಯ ದೃಶ್ಯಗಳು. ಇದರಲ್ಲಿ ಮೂಲ ಯಾವುದು, ಜೀರ್ಣೋದ್ಧಾರ ಯಾವುದಕ್ಕೆ? ಸೆವೆರಿನ್ ಫಿಲಂಸ್ 2020ರಲ್ಲಿ ಆ್ಯಡಮ್ಸನ್‌ರ 32 ಚಿತ್ರಗಳನ್ನು ಒಂದೇ ಪೆಟ್ಟಿಗೆಯಲ್ಲಿ ತಂದಾಗ ಇಂಥ ಬೇರೆ ಬೇರೆ ರೂಪಗಳನ್ನೂ ಜೊತೆಗಿಟ್ಟಿತು. ಸರಿಯಾದ ತೀರ್ಮಾನ ಎಂದು ನನಗನಿಸುತ್ತದೆ. ದೇವಸ್ಥಾನಕ್ಕೆ ಯಾವ ಅರಸ ಯಾವ ಮಂಟಪ ಸೇರಿಸಿದ ಎಂಬುದೂ ದೇವಸ್ಥಾನದ ಇತಿಹಾಸವೇ ಅಲ್ಲವೆ?

ಇನ್ನು ಕೊಳೆಯುವ ವಿಷಯ. ಐವತ್ತರ ದಶಕದಿಂದ ಈಚೆಗೆ ಸಿನಿಮಾ ಫಿಲಂ ತಯಾರಾಗುತ್ತಿದ್ದದ್ದು ಬಹುಪಾಲು ಟ್ರೈಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಮೇಲೆ. ಅದಕ್ಕಿಂತ ಹಿಂದಿನ ನೈಟ್ರೇಟ್ ಫಿಲಂ ಬೆಂಕಿ ಕಂಡರೆ ಭಗ್ಗೆಂದು ಉರಿಯುತ್ತಿತ್ತು. ಟ್ರೈಅಸಿಟೇಟ್ ಹಾಗೆ ಉರಿಯುವುದಿಲ್ಲವೆಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಕೊಡಾಕ್ ಅದನ್ನು ತಂದದ್ದು 1948ರಲ್ಲಿ. ಹತ್ತು ವರ್ಷ ತುಂಬುವ ಮೊದಲೇ ಫಿಲಂ ಕೆಡುತ್ತಿದೆ ಎಂಬ ಮೊದಲ ದೂರು ಕೊಡಾಕ್‌ಗೆ ಹೋಯಿತು. ಹೋದದ್ದು ನಮ್ಮ ದೇಶದಿಂದ, ಭಾರತ ಸರ್ಕಾರದ ಫಿಲಂ ಸಂಗ್ರಹದಿಂದ. ಇಲ್ಲಿನ ಬಿಸಿಲು, ಸೆಕೆ, ತೇವಾಂಶ ಸೇರಿ, ತಣ್ಣಗಿನ ದೇಶದಲ್ಲಿ ದಶಕಗಳಾದ ಮೇಲೆ ಕಾಣಬೇಕಿದ್ದ ರೋಗವನ್ನು ಬೇಗನೆ ಹೊರಗೆ ಹಾಕಿದ್ದವು. ರೋಗದ ಹೆಸರು ವಿನೆಗರ್ ಸಿಂಡ್ರೋಮ್. ಪ್ಲಾಸ್ಟಿಕ್ ಒಡೆದು ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ, ಹೊರಬರುತ್ತದೆ. ಆ ಆಮ್ಲ ಡಬ್ಬಿಯಲ್ಲೇ ಉಳಿದು ಕೊಳೆಯುವಿಕೆಯನ್ನು ಇನ್ನಷ್ಟು ಚುರುಕು ಮಾಡುತ್ತದೆ. ಅದರ ಆವಿ ಪಕ್ಕದ ಡಬ್ಬಿಗೂ ತಗಲುತ್ತದೆ. ಫಿಲಂ ಕುಗ್ಗಿ, ಅಲೆಅಲೆಯಾಗಿ ಸುರುಟಿ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ಸುಮಾರು 21 ಡಿಗ್ರಿ ಸೆಲ್ಸಿಯಸ್‌ನ ಸಾಧಾರಣ ಕೋಣೆಯಲ್ಲಿಟ್ಟ ಹೊಸ ಫಿಲಂ ಈ ರೋಗದ ಹೊಸ್ತಿಲಿಗೆ ಬರಲು ಹೆಚ್ಚುಕಡಿಮೆ ಅರ್ಧ ಶತಮಾನ ಬೇಕು. 1970ರ ಚಿತ್ರಗಳಿಗೆ ಆ ಅರ್ಧ ಶತಮಾನ ಮುಗಿದು ಹೋಗಿದೆ. ಅವು ಕೂತಿದ್ದದ್ದಾದರೂ ಎಲ್ಲಿ? ಗ್ಯಾರೇಜುಗಳಲ್ಲಿ, ಅಟ್ಟಗಳ ಮೇಲೆ, ಫ್ಲಾರಿಡಾದ ಸೆಕೆಯಲ್ಲಿ.

ಅದರ ಮೇಲೆ ಬಣ್ಣದ ಸಮಸ್ಯೆ. ಆ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರು ಮತ್ತು ಹಳದಿ ವರ್ಣಗಳು ಬೇಗ ಮಾಸುತ್ತವೆ. ಉಳಿಯುವುದು ಗುಲಾಬಿ. ಆಕಾಶ ಗುಲಾಬಿ, ಹುಲ್ಲು ಗುಲಾಬಿ, ಮುಖವೂ ಗುಲಾಬಿ. ಥಿಯೇಟರಿನ ಪ್ರಿಂಟಿನಿಂದ ಡಿಸ್ಕ್ ಮಾಡುವುದು ಕೊನೆಯ ಉಪಾಯವಾಗಿ ಉಳಿದು, ಎಲ್ಲರೂ ಮೂಲ ನೆಗೆಟಿವ್‌ಗಾಗಿ ತಡಕಾಡುವುದು ಇದಕ್ಕೇ. ಕ್ಯಾಮೆರಾದೊಳಗೆ ಓಡಿದ ಫಿಲಂ ಅದೇ. ಅದರಲ್ಲಿರುವಷ್ಟು ವಿವರ ಮತ್ತೆಲ್ಲೂ ಇಲ್ಲ.

ಡಬ್ಬಿ ಲ್ಯಾಬಿಗೆ ಬಂತು ಅಂದುಕೊಳ್ಳಿ. ಮೊದಲ ಕೆಲಸ ಕಂಪ್ಯೂಟರಿನದ್ದಲ್ಲ, ಕೈಯದ್ದು. ಮೇಜಿನ ಎರಡು ಕಡೆ ರೀಲು ಕೂರಿಸಿ, ಕೆಳಗೆ ಬೆಳಕಿಟ್ಟು, ಹತ್ತಿಯ ಕೈಗವಸು ತೊಟ್ಟು, ಫಿಲಮಿನ ಅಂಚನ್ನು ಬೆರಳ ನಡುವೆ ಹಿಡಿದು ನಿಧಾನಕ್ಕೆ ಸುತ್ತುತ್ತಾ ಹೋಗಬೇಕು. ಅಂಚಿನ ತೂತು ಹರಿದಿದ್ದರೆ ಬೆರಳಿಗೆ ಮೊದಲು ಗೊತ್ತಾಗುತ್ತದೆ, ಆಮೇಲೆ ಕಣ್ಣಿಗೆ. ಐವತ್ತು ವರ್ಷದ ಹಿಂದೆ ಸಂಕಲನಕಾರ ಅಂಟು ಹಾಕಿ ಜೋಡಿಸಿದ ಜಾಗಗಳು ಒಣಗಿ ಬಿಟ್ಟುಕೊಂಡಿರುತ್ತವೆ. ಒಂದೊಂದನ್ನೂ ಬಿಚ್ಚಿ, ಹಳೆಯ ಅಂಟು ಒರೆಸಿ, ಮತ್ತೆ ಜೋಡಿಸಬೇಕು. ಕುಗ್ಗಿದ ಫಿಲಮನ್ನು ಹಳೆಯ ಪ್ರೊಜೆಕ್ಟರಿಗೆ ಹಾಕಿದರೆ ಹಲ್ಲುಗಳಿಗೆ ಸಿಕ್ಕಿ ಹರಿಯುತ್ತದೆ. ಈಗಿನ ಸ್ಕ್ಯಾನರುಗಳಲ್ಲಿ ಹಲ್ಲುಚಕ್ರವೇ ಇಲ್ಲದಂಥವು ಇವೆ. ಅವು ಫಿಲಮನ್ನು ಮೆತ್ತನೆಯ ಉರುಳೆಗಳ ಮೇಲೆ ಜಾರಿಸಿ ಒಂದೊಂದು ಚೌಕಟ್ಟನ್ನೂ ಬೇರೆ ಬೇರೆ ಚಿತ್ರವಾಗಿ ಹಿಡಿಯುತ್ತವೆ. ಎಂಬತ್ತು ನಿಮಿಷದ ಚಿತ್ರ ಎಂದರೆ 1,15,200 ಚೌಕಟ್ಟು. 4ಕೆ ಗುಣಮಟ್ಟದಲ್ಲಿ ಹಿಡಿದರೆ ಐದಾರು ಟೆರಾಬೈಟ್ ಆಗುತ್ತದೆ. ಆಮೇಲೆ ದೂಳು, ಗೀರು, ಕಲೆ ತೆಗೆಯುವ ಕೆಲಸ. ತಂತ್ರಾಂಶ ಅರ್ಧ ಮಾಡುತ್ತದೆ, ಉಳಿದರ್ಧಕ್ಕೆ ಕಣ್ಣು ನೋಯುವವರೆಗೆ ಕೂರಬೇಕು. ತಂತ್ರಾಂಶಕ್ಕೆ ಮಳೆಹನಿಯೂ ದೂಳೇ, ಪತಂಗವೂ ಕಲೆಯೇ.

ಎಷ್ಟು ತೊಳೆಯಬೇಕು ಎಂಬುದು ಈ ಕಸುಬಿನ ಒಳಗಿನ ಜಗಳ. ಫಿಲಮಿನ ಚಿತ್ರವೆಂದರೆ ಸಣ್ಣ ಸಣ್ಣ ಕಣಗಳ ಜೋಡಣೆ. ಇದನ್ನು ಗ್ರೇನ್ ಎನ್ನುತ್ತಾರೆ. ಅಗ್ಗದ 16 ಎಂಎಂ ಫಿಲಮಿನಲ್ಲಿ ಅದು ರವೆಯಂತೆ ದಪ್ಪ. ಹೊಸ ಟಿವಿಯಲ್ಲಿ ಚೆನ್ನಾಗಿ ಕಾಣಲಿ ಎಂದು ಆ ರವೆಯನ್ನು ಒರೆಸಿದರೆ ಮುಖಗಳು ಮೇಣದ ಗೊಂಬೆಯಂತಾಗುತ್ತವೆ. ಚರ್ಮದ ರಂಧ್ರ, ಬಟ್ಟೆಯ ಎಳೆ ಎಲ್ಲ ಹೋಗುತ್ತದೆ. ಕ್ಯಾಮೆರಾದೊಳಗೇ ಸಿಕ್ಕಿಕೊಂಡಿದ್ದ ಕೂದಲೊಂದು ಶಾಟಿನುದ್ದಕ್ಕೂ ಅಂಚಿನಲ್ಲಿ ಕುಣಿಯುತ್ತಿದ್ದರೆ ಅದನ್ನು ತೆಗೆಯಬೇಕೋ ಬಿಡಬೇಕೋ? ಬಿಡಬೇಕು ಎನ್ನುವ ಪಕ್ಷ ನನ್ನದು. ಪ್ರೊಜೆಕ್ಟರ್ ಮಾಡಿದ ಗಾಯವನ್ನು ವಾಸಿ ಮಾಡಲಿ, ಹುಟ್ಟುಮಚ್ಚೆ ಮುಟ್ಟದಿರಲಿ.

ಈ ಶ್ರಮದಿಂದ ಏನು ಸಿಗುತ್ತದೆ ಎಂದು ಕೇಳುವವರಿಗೆ ನಾನು ತೋರಿಸುವುದು ಡೋರಿಸ್ ವಿಶ್‌ಮನ್‌ರ ಚಿತ್ರಗಳನ್ನು. ಗಂಡ ತೀರಿಕೊಂಡ ಮೇಲೆ ಸಿನಿಮಾಗಿಳಿದ ಈ ಹೆಂಗಸು ನ್ಯೂಯಾರ್ಕ್ ಮತ್ತು ಫ್ಲಾರಿಡಾದಲ್ಲಿ ತಾವೇ ದುಡ್ಡು ಹಾಕಿ, ಬರೆದು, ನಿರ್ದೇಶಿಸಿ ಸಾಲುಸಾಲು ಚಿತ್ರ ತೆಗೆದರು. ಅಂಥ ವ್ಯಾಪಾರದಲ್ಲಿ ಅಷ್ಟು ಚಿತ್ರ ತೆಗೆದ ಹೆಂಗಸರು ಬೆರಳೆಣಿಕೆಗೂ ಇಲ್ಲ. ಧ್ವನಿ ಆಮೇಲೆ ಸೇರಿಸುತ್ತಿದ್ದರಿಂದ ತುಟಿ ಹೊಂದುವುದಿಲ್ಲ ಎಂಬ ಭಯ. ಅದಕ್ಕೆ ಅವರ ಕ್ಯಾಮೆರಾ ಮಾತಿನ ನಡುವೆ ಮುಖ ಬಿಟ್ಟು ಕಾಲಿನ ಕಡೆ, ನೆಲದ ಕಡೆ, ಬೂದಿಬಟ್ಟಲಿನ ಕಡೆ, ಮೂಲೆಯಲ್ಲಿಟ್ಟ ದೀಪದ ಕಡೆ ತಿರುಗಿಬಿಡುತ್ತದೆ. ಮಸುಕು ವಿಎಚ್‌ಎಸ್ ಟೇಪಿನಲ್ಲಿ ಇದೆಲ್ಲ ಬರೀ ಕೈಲಾಗದತನದಂತೆ ಕಾಣುತ್ತಿತ್ತು. 2022ರಲ್ಲಿ ಹೊಸದಾಗಿ ಸ್ಕ್ಯಾನ್ ಮಾಡಿದ ಅವರ ಚಿತ್ರಗಳ ಡಿಸ್ಕ್‌ಗಳು ಬಂದವು. 1965ರ ‘ಬ್ಯಾಡ್ ಗರ್ಲ್ಸ್ ಗೋ ಟು ಹೆಲ್’ ಚಿತ್ರದಲ್ಲಿ ಹಿಂಸೆಯಿಂದ ಓಡಿ ಬಂದ ಹೆಣ್ಣೊಬ್ಬಳು ಒಂದಾದ ಮೇಲೊಂದು ಬಾಡಿಗೆ ಕೋಣೆಯಲ್ಲಿ ಸಿಕ್ಕಿಕೊಳ್ಳುತ್ತಾಳೆ. ಈಗ ಆ ಕೋಣೆಗಳ ಪರದೆಯ ಹೂವು, ಸೋಫಾದ ಸವೆದ ಕೈ, ಬಾಗಿಲ ಚಿಲಕ ಎಲ್ಲ ಚೊಕ್ಕವಾಗಿ ಕಾಣುತ್ತವೆ. ಯಾರನ್ನೂ ನಂಬಲಾಗದವಳು ವಸ್ತುಗಳನ್ನೇ ನೋಡುತ್ತಾ ಕೂತ ಹಾಗೆ. ವಿಶ್‌ಮನ್ ಬೇಕೆಂದೇ ಹಾಗೆ ಮಾಡಿದರೋ ಬಡತನಕ್ಕೆ ಮಾಡಿದರೋ, ನೋಡುವವನಿಗೆ ತಟ್ಟುವುದು ಅದೇ. ಅವರು 2002ರಲ್ಲಿ ತೀರಿಕೊಂಡರು. ತಮ್ಮ ಚಿತ್ರಗಳನ್ನು ಈ ರೂಪದಲ್ಲಿ ನೋಡಲಿಲ್ಲ.

ನೆಗೆಟಿವ್ ಸಿಕ್ಕಿತು, ಕೆಲಸವೂ ಆಯಿತು. ಮಾರುವ ಹಕ್ಕು ಯಾರದ್ದು? ಇಲ್ಲಿ ಅಮೆರಿಕದ ಹಳೆಯ ಕಾನೂನಿನದ್ದೇ ಒಂದು ವಿಚಿತ್ರ. 1978ಕ್ಕಿಂತ ಮುಂಚೆ ಬಿಡುಗಡೆಯಾದ ಚಿತ್ರದ ಮೇಲೆ ಹಕ್ಕುಸ್ವಾಮ್ಯದ ಸೂಚನೆ ಇಲ್ಲದಿದ್ದರೆ ಅದು ಸಾರ್ವಜನಿಕರ ಸೊತ್ತಾಗಿಬಿಡುತ್ತಿತ್ತು. 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ಗೆ ಮೊದಲು ಬೇರೆ ಹೆಸರಿತ್ತು. ವಿತರಕರು ಹೆಸರು ಬದಲಿಸುವಾಗ ಹೊಸ ಶೀರ್ಷಿಕೆಯ ಮೇಲೆ ಆ ಸೂಚನೆ ಹಾಕುವುದನ್ನು ಮರೆತರು. ಅಷ್ಟಕ್ಕೇ ಚಿತ್ರ ನಿರ್ಮಾಪಕರ ಕೈ ತಪ್ಪಿತು. ದಶಕಗಳ ಕಾಲ ಯಾರು ಬೇಕಾದರೂ ಕೈಗೆ ಸಿಕ್ಕ ಕೆಟ್ಟ ಪ್ರತಿಯಿಂದ ಟೇಪು, ಡಿವಿಡಿ ಮಾಡಿ ಮಾರಿದರು. ಹಕ್ಕಿಲ್ಲದ ಚಿತ್ರ ಎಲ್ಲರಿಗೂ ಸಿಗುತ್ತದಲ್ಲ, ಒಳ್ಳೆಯದೇ ಎನಿಸಬಹುದು. ಆದರೆ ಎಲ್ಲರ ಸೊತ್ತಿಗೆ ಸುಣ್ಣ ಬಳಿಯುವವರಾರು? ಅದೃಷ್ಟಕ್ಕೆ ಮೂಲ ನೆಗೆಟಿವ್ ತಯಾರಕರ ಬಳಿಯೇ ಉಳಿದಿತ್ತು. ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಅವರ ಫಿಲಂ ಫೌಂಡೇಶನ್ ಸೇರಿ 2016ರಲ್ಲಿ ಅದಕ್ಕೆ ಮರುಜೀವ ಕೊಟ್ಟವು. ಕ್ರೈಟೀರಿಯನ್ ಕಂಪನಿಯ ಡಿಸ್ಕ್ ಬಂದದ್ದು 2018ರಲ್ಲಿ. ಅಷ್ಟು ಹೆಸರಿಲ್ಲದ ಚಿತ್ರಕ್ಕೆ ಇಂಥ ಯೋಗ ಬರುವುದಿಲ್ಲ.

ತದ್ವಿರುದ್ಧ ತೊಂದರೆ ‘ದಿ ಆಸ್ಟ್ರಾಲಜರ್’ ಚಿತ್ರದ್ದು. ಎಪ್ಪತ್ತರ ದಶಕದಲ್ಲಿ ಕ್ರೇಗ್ ಡೆನ್ನಿ ಎಂಬವರು ತಾವೇ ನಿರ್ದೇಶಿಸಿ ನಟಿಸಿದ, ಜ್ಯೋತಿಷಿಯೊಬ್ಬ ಜಗತ್ಪ್ರಸಿದ್ಧನಾಗುವ ಈ ಚಿತ್ರವನ್ನು ಎಲ್ಲರೂ ಮರೆತಿದ್ದರು. ಒಂದು ಪ್ರಿಂಟ್ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿರುವ ಅಮೆರಿಕನ್ ಜಾನ್ರ ಫಿಲಂ ಆರ್ಕೈವ್‌ನಲ್ಲಿ ಸಿಕ್ಕಿತು. ಸ್ಕ್ಯಾನ್ ಆಯಿತು, ಥಿಯೇಟರುಗಳಲ್ಲಿ ಜನ ನೋಡಿ ಕುಣಿದಾಡಿದರು. ಆದರೆ ಚಿತ್ರದೊಳಗೆ ಮೂಡಿ ಬ್ಲೂಸ್ ಬ್ಯಾಂಡಿನ ಹಾಡುಗಳನ್ನು ಅನುಮತಿಯಿಲ್ಲದೆ ಬಳಸಿಕೊಳ್ಳಲಾಗಿದೆ. ಡಿಸ್ಕ್ ತರುವುದಕ್ಕೆ ಅದೇ ಅಡ್ಡಿಯಾಯಿತು.

ಈ ಆಸ್ಟಿನ್ ಸಂಸ್ಥೆ ಲಾಭಕ್ಕಲ್ಲದೆ ನಡೆಯುವಂಥದ್ದು, 2009ರಲ್ಲಿ ಹುಟ್ಟಿದ್ದು, ಸಾವಿರಾರು ಪ್ರಿಂಟುಗಳನ್ನು ಕಾಪಾಡುತ್ತಿದೆ. ಇದಕ್ಕೂ ಮೊದಲು ದಾರಿ ತೋರಿದವರು ಸಿಯಾಟಲ್‌ನ ಮೈಕ್ ವ್ರೇನಿ. 1990ರಲ್ಲಿ ‘ಸಂಥಿಂಗ್ ವಿಯರ್ಡ್ ವಿಡಿಯೊ’ ಶುರುಮಾಡಿ, ಹಳೆಯ ನಿರ್ಮಾಪಕರನ್ನು ಹುಡುಕಿಕೊಂಡು ಹೋಗಿ, ಅವರ ಅಟ್ಟಗಳಲ್ಲಿದ್ದ ಡಬ್ಬಿ ಇಳಿಸಿ ಟೇಪಿಗೆ ಹಾಕಿದರು. ಅವರು 2014ರಲ್ಲಿ ತೀರಿಕೊಂಡ ಮೇಲೆ ಆ ಸಂಗ್ರಹದ ಚಿತ್ರಗಳು ಆಸ್ಟಿನ್ ಸಂಸ್ಥೆಯ ಜೊತೆಗೂಡಿ ಬ್ಲೂ-ರೇ ರೂಪದಲ್ಲಿ ಬರುತ್ತಿವೆ. ಇನ್ನೊಂದು ಕಂಪನಿ ರೋಗದ ಹೆಸರನ್ನೇ ಇಟ್ಟುಕೊಂಡಿದೆ: ವಿನೆಗರ್ ಸಿಂಡ್ರೋಮ್. ಜೋ ರೂಬಿನ್ ಮತ್ತು ರಯಾನ್ ಎಮರ್ಸನ್ 2012ರಲ್ಲಿ ಕಟ್ಟಿದ ಇದರ ನೆಲೆ ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್. ನೆಗೆಟಿವ್‌ಗಳನ್ನು ತಾವೇ ಕೊಂಡು, ತಮ್ಮದೇ ಲ್ಯಾಬಿನಲ್ಲಿ ಸರಿಪಡಿಸಿ, ತಾವೇ ಮಾರುತ್ತಾರೆ. ಹೆಚ್ಚಿನ ಸಂಗ್ರಹಾಲಯಗಳು ಮುಟ್ಟದ ಎಪ್ಪತ್ತರ ದಶಕದ ವಯಸ್ಕರ ಚಿತ್ರಗಳನ್ನೂ ಇವರು ಅದೇ ಶ್ರದ್ಧೆಯಿಂದ ಸ್ಕ್ಯಾನ್ ಮಾಡಿದ್ದಾರೆ.

ಇವರೆಲ್ಲರ ಅನ್ನ ಡಿಸ್ಕಿನಲ್ಲಿದೆ, ಡಿಸ್ಕಿನ ಕಾಲ ಮುಗಿಯುತ್ತಿದೆ. ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ಅಂಚೆಯ ಡಿವಿಡಿ ನಿಲ್ಲಿಸಿತು. ಬೆಸ್ಟ್ ಬೈ ಮಳಿಗೆಗಳು 2024ರಲ್ಲಿ ಸಿನಿಮಾ ಡಿಸ್ಕ್ ಮಾರುವುದನ್ನು ಬಿಟ್ಟವು. ಅದೇ ವರ್ಷ ಬಾಡಿಗೆ ಡಿಸ್ಕಿನ ರೆಡ್‌ಬಾಕ್ಸ್ ದಿವಾಳಿಯಾಯಿತು. ಸಣ್ಣ ಕಂಪನಿಗಳು ಇದರಲ್ಲೂ ಬದುಕಿರುವುದು ಅಂಗಡಿಯನ್ನು ನಂಬದೆ ನೇರವಾಗಿ ಅಭಿಮಾನಿಗೆ ಮಾರುವುದರಿಂದ. ಕೆಲವೇ ಸಾವಿರ ಪ್ರತಿ, ಚೆಂದದ ಹೊರಕವಚ, ಜೊತೆಗೆ ಪುಸ್ತಿಕೆ, ಮುಗಿದರೆ ಮತ್ತೆ ಸಿಗದು ಎಂಬ ಆತುರ. ಈ ಆತುರ ನನಗೆ ಹಿಡಿಸುವುದಿಲ್ಲ. ಹೊರಕವಚಕ್ಕೆ ಮರುಮಾರಾಟದಲ್ಲಿ ಡಿಸ್ಕಿಗಿಂತ ಹೆಚ್ಚು ಬೆಲೆ ಬರುವುದು, ಪೆಟ್ಟಿಗೆ ಒಡೆಯದೆ ಕಪಾಟಿನಲ್ಲಿಡುವುದು, ಇವೆಲ್ಲ ಸಿನಿಮಾ ಮತ್ತೆ ಕತ್ತಲಿಗೆ ಹೋಗುವ ಇನ್ನೊಂದು ಬಗೆ. ಆದರೂ ಆ ಕವಚದ ದುಡ್ಡೇ ಮುಂದಿನ ಡಬ್ಬಿಯನ್ನು ಸ್ಕ್ಯಾನರಿಗೆ ಹಾಕುತ್ತಿದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇವು ಮನೆಬಾಗಿಲಿಗೆ ಬರುತ್ತವೆ. ಇಲ್ಲಿ ತರಿಸಿಕೊಳ್ಳುವವರು ಒಂದು ನೋಡಿಕೊಳ್ಳಬೇಕು: ಬ್ಲೂ-ರೇ ಲೆಕ್ಕದಲ್ಲಿ ಅಮೆರಿಕ ಎ ವಲಯ, ಭಾರತ ಸಿ ವಲಯ. ಎ ವಲಯಕ್ಕೆ ಮಾತ್ರ ಎಂದು ಬೀಗ ಹಾಕಿದ ಡಿಸ್ಕ್ ನಮ್ಮ ಪ್ಲೇಯರಿನಲ್ಲಿ ಓಡುವುದಿಲ್ಲ.

ಕಸವನ್ನು ಯಾಕೆ ತೊಳೆದಿಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಈ ಚಿತ್ರಗಳಲ್ಲಿ ಹೆಣ್ಣಿನ ಮೇಲಿನ ಹಿಂಸೆಯನ್ನು ಮಜವಾಗಿ ತೋರಿಸಿದವು ಇವೆ, ಕಪ್ಪು ಜನರನ್ನು, ಮೂಲನಿವಾಸಿಗಳನ್ನು ಹೀನವಾಗಿ ಕಂಡವು ಇವೆ. ಅಂಥ ಕ್ರೌರ್ಯವನ್ನೇ ದೊಡ್ಡದಾಗಿ ಮುದ್ರಿಸಿ ಮಾರುವ ಡಿಸ್ಕ್ ಕವಚಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ಅದೇ ವ್ಯಾಪಾರದ ಬಾಗಿಲಿನಿಂದಲೇ, ಸ್ಟುಡಿಯೊಗಳು ಒಳಗೆ ಬಿಡದವರು ಸಿನಿಮಾಗೆ ಬಂದರು. ನಿರ್ದೇಶಕಿ ಸ್ಟೆಫನಿ ರಾತ್‌ಮನ್ 1970ರಲ್ಲಿ ಅಗ್ಗದ ಚಿತ್ರಗಳ ನಿರ್ಮಾಪಕ ರೋಜರ್ ಕಾರ್ಮನ್ ಅವರ ಕಂಪನಿಗೆ ‘ದಿ ಸ್ಟೂಡೆಂಟ್ ನರ್ಸಸ್’ ತೆಗೆದಾಗ ಕೇಳಿದ್ದು ಮೈ ತೋರಿಸುವ ಚಿತ್ರ. ಅದರೊಳಗೆ ಅವರು ಗರ್ಭಪಾತದ ಪ್ರಶ್ನೆ ಇಟ್ಟರು, ಗರ್ಭಪಾತ ಅಮೆರಿಕದ ಬಹುತೇಕ ಕಡೆ ಅಪರಾಧವಾಗಿದ್ದ ಹೊತ್ತಿನಲ್ಲಿ.

ಕಪ್ಪು ನಿರ್ದೇಶಕ ಬಿಲ್ ಗನ್ ಅವರ ಕಥೆ ಇನ್ನೂ ದೊಡ್ಡದು. ಕಪ್ಪು ಪ್ರೇಕ್ಷಕರಿಗಾಗಿ ರಕ್ತಪಿಶಾಚಿಯ ಚಿತ್ರವೊಂದು ಬೇಕೆಂದು ನಿರ್ಮಾಪಕರು ದುಡ್ಡು ಕೊಟ್ಟರು. ಗನ್ 1973ರಲ್ಲಿ ‘ಗಾಂಜಾ ಆ್ಯಂಡ್ ಹೆಸ್’ ತೆಗೆದುಕೊಟ್ಟರು. ಧರ್ಮ, ಚಟ, ಆಫ್ರಿಕಾದ ನೆನಪು ಎಲ್ಲ ಸೇರಿದ, ನಿಧಾನ ಗತಿಯ ಚಿತ್ರ. ನಾಯಕ ಡ್ವೇನ್ ಜೋನ್ಸ್. ‘ನೈಟ್ ಆಫ್ ದಿ ಲಿವಿಂಗ್ ಡೆಡ್’ನಲ್ಲೂ ಅವರೇ. ಕಾನ್ ಉತ್ಸವದ ವಿಮರ್ಶಕರ ವಾರದಲ್ಲಿ ತೋರಿಸಿದರೂ ಅಮೆರಿಕದಲ್ಲಿ ನಿರ್ಮಾಪಕರು ಚಿತ್ರ ಕಿತ್ತುಕೊಂಡು, ಹೊಸದಾಗಿ ಕತ್ತರಿಸಿ, ‘ಬ್ಲಡ್ ಕಪಲ್’, ‘ಡಬಲ್ ಪೊಸೆಷನ್’ ಎಂದೆಲ್ಲ ಹೆಸರಿಟ್ಟು ಮಾರಿದರು. ಗನ್ ತೆಗೆದ ಚಿತ್ರ ಉಳಿದದ್ದು ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದ್ದ ಪ್ರತಿಯಿಂದ. ಅದೇ ವರ್ಷ ಐವನ್ ಡಿಕ್ಸನ್ ನಿರ್ದೇಶಿಸಿದ ‘ದಿ ಸ್ಪೂಕ್ ಹೂ ಸ್ಯಾಟ್ ಬೈ ದಿ ಡೋರ್’ ಥಿಯೇಟರುಗಳಿಂದ ಬೇಗನೆ ಮಾಯವಾಯಿತು. ಸಿಐಎ ತರಬೇತಿ ಪಡೆದ ಕಪ್ಪು ಅಧಿಕಾರಿಯೊಬ್ಬ ಶಿಕಾಗೊದ ಹುಡುಗರಿಗೆ ಗೆರಿಲ್ಲಾ ಯುದ್ಧ ಕಲಿಸುವ ಕಥೆ ಅದರದ್ದು. ಅದರ ನೆಗೆಟಿವ್ ಬೇರೆ ಹೆಸರಿನ ಡಬ್ಬಿಯಲ್ಲಿ ಅಡಗಿ ಉಳಿಯಿತು. 2012ರಲ್ಲಿ ಅದೂ ರಾಷ್ಟ್ರೀಯ ಪಟ್ಟಿ ಸೇರಿತು. ಕಸ ಎಂದು ಒಟ್ಟಾಗಿ ಗುಡಿಸಿದ್ದರೆ ಇವೆಲ್ಲ ಅದರ ಜೊತೆಗೇ ಹೋಗುತ್ತಿದ್ದವು. ಯಾವುದು ಕಾಳು, ಯಾವುದು ಜೊಳ್ಳು ಎಂದು 1973ರಲ್ಲಿ ತೀರ್ಮಾನಿಸಿದವರು ತಪ್ಪು ಮಾಡಿದರು. ನಾವು ಮಾಡುವುದಿಲ್ಲ ಎಂಬ ಭರವಸೆ ನನಗಿಲ್ಲ.

ನಮ್ಮ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’ದ ಪ್ರತಿ ಇವತ್ತು ಇಲ್ಲ. ಅದೇ ಸ್ಕಾರ್ಸೆಸೆ ಸಂಸ್ಥೆ ಮತ್ತು ಮುಂಬಯಿಯ ಫಿಲಂ ಹೆರಿಟೇಜ್ ಫೌಂಡೇಶನ್ ಸೇರಿ ಗಿರೀಶ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ಕ್ಕೆ ಮರುಜೀವ ಕೊಟ್ಟು 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದಾಗ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಸ್ವರ್ಣಕಮಲ ಪಡೆದ ಚಿತ್ರಕ್ಕೆ ಆ ಬಾಗಿಲು ತೆರೆಯಿತು. ಗಾಂಧಿನಗರದಲ್ಲಿ ಎರಡು ವಾರ ಓಡಿ ಇಳಿದ ಎಪ್ಪತ್ತರ ದಶಕದ ಪತ್ತೇದಾರಿ, ದೆವ್ವದ ಚಿತ್ರಗಳ ನೆಗೆಟಿವ್ ಎಲ್ಲಿದೆ, ಅದರ ವಾಸನೆ ಈಗ ಹೇಗಿದೆ ಎಂದು ಕೇಳುವವರು ನಮ್ಮಲ್ಲೂ ಬೇಕು.

ಡಬ್ಬಿಯ ಸ್ಥಿತಿ ತಿಳಿಯಲು ಮೂಗೊಂದನ್ನೇ ನಂಬಬೇಕಾಗಿಲ್ಲ. ರಾಚೆಸ್ಟರ್‌ನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ತಯಾರಿಸುವ ಒಂದು ಕಾಗದದ ಪಟ್ಟಿ ಇದೆ, ಬೆರಳಗಲದ್ದು, ನೀಲಿ ಬಣ್ಣದ್ದು. ಡಬ್ಬಿಯೊಳಗಿಟ್ಟು ಮುಚ್ಚಬೇಕು. ಹುಳಿ ಇದ್ದರೆ ಪಟ್ಟಿ ಹಸಿರಿಗೆ ತಿರುಗುತ್ತದೆ, ಹೆಚ್ಚಿದ್ದರೆ ಹಳದಿಗೆ. ಹಸಿರಿನ ಹಂತದಲ್ಲೇ ರೋಗ ತನ್ನಷ್ಟಕ್ಕೆ ತಾನು ಓಡಲು ಶುರುಮಾಡಿರುತ್ತದೆ. ಆಮೇಲೆ ತಣ್ಣಗಿಟ್ಟು ನಿಧಾನ ಮಾಡಬಹುದು, ನಿಲ್ಲಿಸಲಾಗದು. ಹಳದಿಯಾದ ಡಬ್ಬಿಯೇ ಮೊದಲು ಸ್ಕ್ಯಾನರಿಗೆ ಹೋಗಬೇಕು. ಆದರೆ ಹಣ ಬರುವುದು ಡಿಸ್ಕಿನಿಂದ, ಹಾಗಾಗಿ ಮೊದಲು ಹೋಗುವುದು ಮಾರಾಟವಾಗುವ ಹೆಸರಿನ ಡಬ್ಬಿ. ಪೋಸ್ಟರ್ ಉಳಿದಿಲ್ಲ, ನಟರ ಹೆಸರು ಯಾರಿಗೂ ಗೊತ್ತಿಲ್ಲ, ಪಟ್ಟಿ ಮಾತ್ರ ಹಳದಿ. ಅಂಥ ಡಬ್ಬಿಗೆ ಡಿಸ್ಕಿನ ಲೆಕ್ಕ ಹಾಕದೆ, ಬರೀ ಹಿಡಿದಿಡುವುದಕ್ಕಾಗಿ ಸ್ಕ್ಯಾನ್ ಮಾಡುವ ದುಡ್ಡನ್ನು ಯಾವುದಾದರೂ ಸರ್ಕಾರವೋ ವಿಶ್ವವಿದ್ಯಾಲಯವೋ ಎತ್ತಿಡಬೇಕು. ಮಾರುವ ಮಾತು ಆಮೇಲೆ ಬರಲಿ.